ಬೋಳು ಟಯರು

2019ನೆಯ ಇಸವಿಯ ಡಿಸೆಂಬರಿನಲ್ಲಿ ನಮ್ಮ ಒಂಬತ್ತನೆಯ ತರಗತಿಯವರು ಆಗುಂಬೆಗೆ ಹೊರಟು ನಿಂತಿದ್ದರು. ಬಾಡಿಗೆಯ ಬಸ್ಸಿಗೆ ಬುತ್ತಿಯ ಗಂಟುಗಳೂ ಏರಿದ್ದವು. ಆಗ ಲಾರಿ ಚಾಲಕರೊಬ್ಬರ ಮಗಳು ಬಂದು, "ಟೀಚರೇ, ಮುಂದಿನ ಟಯರು ಬೋಳಾಗಿದೆ" ಎಂದಳು.

ಬಗ್ಗಿ ನೋಡಿದೆನು. ರಬ್ಬರು ಅಂಗೈಯಂತೆ ನುಣುಪಾಗಿದ್ದಿತು, ಪಕ್ಕದಲ್ಲಿ ಬಿರುಕುಗಳಿದ್ದವು. ಮಕ್ಕಳ ಕಂಬಳಿ, ಔಷಧಗಳನ್ನೆಲ್ಲ ಪರೀಕ್ಷಿಸಿದ್ದ ನಾನು ಚಕ್ರವನ್ನು ನೋಡಿರಲಿಲ್ಲ. ನಾಚಿಕೆಯಾಯಿತು.

ಟಯರಿನ ಗೀರುಗಳು ಅಲಂಕಾರಕ್ಕಲ್ಲ. ಒದ್ದೆ ರಸ್ತೆಯ ನೀರನ್ನು ಹೊರಚೆಲ್ಲಿ ಚಕ್ರಕ್ಕೆ ಹಿಡಿತ ಕೊಡುವುದಕ್ಕಾಗಿ ಅವು ಇರುವುವು. ಬಸ್ಸಿನ ಟಯರುಗಳಲ್ಲಿ ಅವುಗಳ ಆಳವು 1.6 ಮಿಲಿಮೀಟರಿಗೆ ಕಡಿಮೆಯಾಗಬಾರದೆಂದು ನಮ್ಮ ದೇಶದ ನಿಯಮವಿದೆ. ಮುಂದಿನ ಟಯರು ಸಿಡಿದರೆ ವಾಹನವು ಆ ಕಡೆಗೇ ಎಳೆಯುವುದು. ಆಗುಂಬೆ ಘಟ್ಟದಲ್ಲಿಯೋ 14 ಕಡಿದಾದ ತಿರುವುಗಳು!

"ಇನ್ನೂ ಸಾವಿರ ಮೈಲಿ ಓಡುತ್ತದಮ್ಮ" ಎಂದನು ಚಾಲಕನು. ನಾನು ಮಕ್ಕಳನ್ನು ಇಳಿಸಿದೆನು. ಕೆಲವರು ಅತ್ತರು; ಕೆಲವು ಪೋಷಕರು ಮುನಿದರು. ಮಧ್ಯಾಹ್ನ ಬೇರೆ ಬಸ್ಸು ದೊರೆತು, ಕಾರ್ಕಳದ ಗೊಮ್ಮಟನನ್ನಷ್ಟೇ ನೋಡಿ ಮರಳಿದೆವು. ಎಲ್ಲರೂ ಮರಳಿದೆವು.

ಮಾತಾಪಿತೃಗಳೇ, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುವುವು. ನಿಮ್ಮ ಮಗಳು ದಿನವೂ ಏರುವ ವಾಹನದ ಚಕ್ರವನ್ನು ನಾಳೆ ಬೆಳಿಗ್ಗೆ ಒಮ್ಮೆ ಬಗ್ಗಿ ನೋಡಿರಿ.