ಹಾನಗಲ್ಲಿನಿಂದ ಕದಂಬ ನೌಕಾನೆಲೆಗೆ

ಹಾನಗಲ್ಲಿನಿಂದ ಕಡಲು ಕಾಣಿಸುವುದಿಲ್ಲ. ತಾರಕೇಶ್ವರ ದೇವಾಲಯದ ಮುಂದೆ ನಿಂತು ಪಶ್ಚಿಮಕ್ಕೆ ಮುಖಮಾಡಿದರೆ ಬತ್ತದ ಗದ್ದೆಗಳು, ಮಾವಿನ ತೋಪುಗಳು, ಅವುಗಳಾಚೆ ಮಲೆನಾಡಿನ ಮಸುಕಾದ ನೀಲಿಯ ಗೆರೆ, ಅಷ್ಟೇ. ಆದರೂ ಈ ಊರನ್ನಾಳಿದ ರಾಜವಂಶದ ಹೆಸರನ್ನೇ ಹೊತ್ತು ಭಾರತೀಯ ನೌಕಾದಳದ ಒಂದು ಮಹಾನೆಲೆ ಕಾರವಾರದ ಬಳಿ ನಿಂತಿದೆ. ಐ.ಎನ್.ಎಸ್. ಕದಂಬ ಎಂಬ ಹೆಸರನ್ನು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ, ಒಮ್ಮೆ ಹಾನಗಲ್ಲಿನಿಂದಲೇ ಹೊರಟು ಅದನ್ನು ಕಂಡುಬರಬೇಕೆಂಬ ಆಸೆ ನನ್ನಲ್ಲಿ ಮೂಡುತ್ತಿತ್ತು.

ಆಸೆ ಕೈಗೂಡಲು ಕಾರಣರಾದವರು ನನ್ನ ಭಾವನವರು. ಹಿರೇಕೆರೂರಿನಲ್ಲಿ ಶಾಲಾ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರ ಕಿರಿಯ ಮಗ ಎರಡು ವರ್ಷಗಳಿಂದ ನೌಕಾನೆಲೆಯ ನಿರ್ಮಾಣದಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ ವೆಲ್ಡಿಂಗ್ ಕೆಲಸ ಮಾಡುತ್ತಿದ್ದಾನೆ. ಸತತವಾಗಿ ಎರಡು ವರ್ಷ ಗೋವಿನಜೋಳ ಕೈಕೊಟ್ಟ ಮೇಲೆ, ಹೊಲವನ್ನು ಅಣ್ಣನಿಗೆ ಬಿಟ್ಟು ಘಟ್ಟ ಇಳಿದವನು ಅವನು. "ಹುಡುಗ ಎಲ್ಲಿ ಅದಾನ, ಏನ್ ಮಾಡ್ತಾನ, ಒಮ್ಮೆ ಕಣ್ಣಾರೆ ನೋಡ್ಕೊಂಡ ಬರೂಣ ಬರ್ರಿ" ಎಂದರು ಭಾವನವರು. ಮಳೆಗಾಲ ಮುಗಿದ ಒಂದು ಶನಿವಾರ ಬೆಳಗಿನ ಜಾವದಲ್ಲಿ ನಾವಿಬ್ಬರೂ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿದ್ದೆವು. ಭಾವನವರ ಕೈಚೀಲದಲ್ಲಿ ಮಗನಿಗಾಗಿ ಕಟ್ಟಿದ ಬುತ್ತಿ. ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸವಣೂರಿನ ವೀಳ್ಯದೆಲೆಯ ಕಟ್ಟು. ಕರಾವಳಿಯ ಎಲೆಯ ಮೇಲೆ ಅವರಿಗೆ ವಿಶ್ವಾಸವಿಲ್ಲ.

ಶಿರಸಿಯ ದಾರಿ ಹಿಡಿದ ಬಸ್ಸಿನಲ್ಲಿ ಕುಳಿತು ಭಾವನವರು ತಮ್ಮ ಹಳೆಯ ಪಾಠವನ್ನು ತೆರೆದರು. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮನು ಬನವಾಸಿಯಲ್ಲಿ ಸ್ಥಾಪಿಸಿದ ಕದಂಬ ರಾಜ್ಯ ಅಳಿದ ಮೇಲೆಯೂ ಆ ವಂಶದ ಹೆಸರು ಅಳಿಯಲಿಲ್ಲ. ಹನ್ನೊಂದನೆಯ ಶತಮಾನದಿಂದ ಮುಂದೆ ಒಂದು ಶಾಖೆ ಪಾನುಂಗಲ್ಲಿನಲ್ಲಿ, ಅಂದರೆ ಇಂದಿನ ಹಾನಗಲ್ಲಿನಲ್ಲಿ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳಿತು. ಹೊಯ್ಸಳ ವಿಷ್ಣುವರ್ಧನನು ಮುತ್ತಿದ ಕೋಟೆ ಅವರದು. ಇನ್ನೊಂದು ಶಾಖೆ ಗೋವೆಯಲ್ಲಿ ನೆಲೆಸಿ ಹಡಗುಗಳನ್ನು ಕಟ್ಟಿಸಿ, 'ಪಶ್ಚಿಮ ಸಮುದ್ರಾಧೀಶ್ವರ' ಎಂಬ ಬಿರುದನ್ನು ಧರಿಸಿತು. ನೌಕಾನೆಲೆಗೆ ಈ ಹೆಸರು ಸಲ್ಲುವುದು ಮುಖ್ಯವಾಗಿ ಆ ಗೋವೆಯ ದಾಯಾದಿಗಳಿಂದಾಗಿಯೇ ಎಂದು ನಾನೆಂದೆ. "ಅಣ್ಣತಮ್ಮಂದಿರ ಗಳಿಕೀಯೊಳಗ ನಮಗೂ ಪಾಲು ಐತಿ" ಎಂದು ಭಾವನವರು ಒಂದೇ ಮಾತಿನಲ್ಲಿ ವಾದವನ್ನು ಮುಗಿಸಿದರು.

ಶಿರಸಿಯಲ್ಲಿ ಬಸ್ಸು ಬದಲಾಯಿಸಿ ದೇವಿಮನೆ ಘಟ್ಟವನ್ನು ಇಳಿಯತೊಡಗಿದೆವು. ಈ ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಧಾರವಾಡ ಸೀಮೆಯ ದೇಶೀ ಹತ್ತಿ ಎತ್ತಿನ ಗಾಡಿಗಳಲ್ಲಿ, ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಹೋಗಿ, ಮುಂಬಯಿಯ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂಬ ಹೆಸರೇ ನಿಂತಿತು! ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾದಾಗ ಆಂಗ್ಲ ವರ್ತಕರ ಕಣ್ಣು ಈ ಹತ್ತಿಯ ಮೇಲೂ ಕಾರವಾರದ ಆಳವಾದ ಬಂದರಿನ ಮೇಲೂ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಇದೂ ಒಂದು ಕಾರಣ. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ದೊಡ್ಡ ಬಂದರಾಗುವ ಕನಸನ್ನೂ ಕಂಡಿತು. ಆದರೆ 1890ರ ಸುಮಾರಿಗೆ ಹುಬ್ಬಳ್ಳಿಯ ರೈಲು ಲೋಂಡೆಯ ಮೂಲಕ ಮರ್ಮಗೋವೆಯನ್ನು ಮುಟ್ಟಿತು. ಹತ್ತಿ ರೈಲನ್ನೇರಿತು, ಕಾರವಾರ ಕಾಯುತ್ತ ಉಳಿಯಿತು.

ಆ ಕಾಯುವಿಕೆ ಇನ್ನೂ ಪೂರ್ತಿಯಾಗಿ ಮುಗಿದಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ಕರಾವಳಿಯುದ್ದಕ್ಕೂ ಓಡಾಡತೊಡಗಿ ಕಾರವಾರಕ್ಕೆ ಮುಂಬಯಿ, ಮಂಗಳೂರುಗಳನ್ನು ಹತ್ತಿರ ಮಾಡಿತು. ಆದರೆ ಘಟ್ಟದ ಮೇಲಿನ ನಮಗೂ ಕಡಲಿಗೂ ನಡುವೆ ರೈಲಿಲ್ಲ. ಅದೇ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಅರಣ್ಯದ ಪ್ರಶ್ನೆಯಲ್ಲಿ, ನ್ಯಾಯಾಲಯಗಳ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ. ಆ ಕಾಡನ್ನು ಕಂಡವರಿಗೆ ಅದನ್ನು ಕಡಿಯಿರಿ ಎನ್ನಲು ನಾಲಗೆ ಬಾರದು. ಮೂಟೆ ಹೊತ್ತು ಬಸ್ಸಿಗಾಗಿ ಕಾಯುವವರನ್ನು ಕಂಡರೆ ರೈಲು ಬೇಡವೆನ್ನಲೂ ಬಾರದು.

ಕುಮಟೆಯಿಂದ ಉತ್ತರಕ್ಕೆ ತಿರುಗಿ ಅಂಕೋಲೆಯ ಕಡೆ ಸಾಗುವಾಗ, ಗಂಗಾವಳಿಯ ದಡದ ಶಿರೂರಿನಲ್ಲಿ ಬಸ್ಸಿನೊಳಗಿನ ಮಾತುಗಳೆಲ್ಲ ತಾವಾಗಿಯೇ ನಿಂತವು. 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿದ್ದದ್ದು ಇಲ್ಲಿಯೇ. ಮನೆ, ಚಹದಂಗಡಿ, ಲಾರಿಗಳು ಮಣ್ಣಿನಲ್ಲಿ ಮತ್ತು ಹೊಳೆಯಲ್ಲಿ ಹೂತುಹೋದವು. ದಿನಗಟ್ಟಲೆ ಹೆದ್ದಾರಿ ಮುಚ್ಚಿತ್ತು. ಮೂರು ವಾರಗಳು ಕಳೆದ ಬೆನ್ನಿಗೇ, ಆಗಸ್ಟ್ 7ರ ಅಪರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಒಂದೇ ಮಳೆಗಾಲದಲ್ಲಿ ಪಟ್ಟಣದ ದಕ್ಷಿಣದ ದಾರಿಯೂ ಉತ್ತರದ ದಾರಿಯೂ ಹೀಗೆ ಪೆಟ್ಟು ತಿಂದವು. ಯುದ್ಧನೌಕೆಗಳಿಗೆ ಸಾಗರವೇ ಹೆದ್ದಾರಿ. ಆದರೆ ಅವುಗಳಲ್ಲಿರುವವರ ಅಕ್ಕಿ, ಬೇಳೆ, ಹಾಲು ನೆಲದ ಮೇಲೆಯೇ ಬರಬೇಕಲ್ಲ!

ಅಂಕೋಲೆ ದಾಟಿ ಹಾರವಾಡ, ಅಮದಳ್ಳಿ, ಚೆಂಡಿಯಾ, ಅರಗಾ ಎಂದು ಊರುಗಳು ಬರತೊಡಗಿದಂತೆ ಎಡಗಡೆ ಎತ್ತರವಾದ ಗೋಡೆ, ಮುಳ್ಳುತಂತಿ, ಛಾಯಾಚಿತ್ರ ನಿಷಿದ್ಧವೆಂಬ ಫಲಕಗಳು ಕಾಣಿಸಿದವು. ಕಡಲು ಆ ಗೋಡೆಯಾಚೆ. ಒಂದು ತಿರುವಿನಲ್ಲಿ ಮಾತ್ರ ಮರಗಳ ಸಂದಿಯಿಂದ ಬೂದು ಬಣ್ಣದ ಒಂದು ಆಕೃತಿ ಕ್ಷಣಕಾಲ ಕಂಡು ಮರೆಯಾಯಿತು. "ಹಡಗು! ಹಡಗು!" ಎಂದು ಎಳೆಯರಂತೆ ಎದ್ದುನಿಂತವರು ಅರುವತ್ತೆಂಟರ ಭಾವನವರೇ.

ಮರುದಿನ ಭಾನುವಾರ. ಮಗನಿಗೆ ರಜೆ. ಅರಗೆಯ ಬಳಿಯ ಚಹದಂಗಡಿಯಲ್ಲಿ ನಮಗಾಗಿ ಕಾದಿದ್ದ. "ಮಾವಾ, ಒಳಗ ಕರ್ಕೊಂಡ ಹೋಗಾಕ ಬರಂಗಿಲ್ರಿ" ಎಂದು ಮೊದಲೇ ಕ್ಷಮೆ ಕೇಳಿದ. ಆದ್ದರಿಂದ, ವಾಚಕರೇ, ಮುಂದೆ ನಾನು ಹೇಳುವುದು ಗೋಡೆಯ ಹೊರಗೆ ನಿಂತವನು ತಿಳಿದುಕೊಂಡದ್ದು; ಎಲ್ಲರಿಗೂ ತಿಳಿದಿರುವಂಥದ್ದು.

ಮುಂಬಯಿಯ ನೌಕಾಂಗಣದಲ್ಲಿ ವ್ಯಾಪಾರಿ ಹಡಗುಗಳ ನೂಕುನುಗ್ಗಲು ಹೆಚ್ಚಿದಾಗ, ಯುದ್ಧನೌಕೆಗಳಿಗೆಂದೇ ಪ್ರತ್ಯೇಕ ನೆಲೆ ಬೇಕೆಂಬ ಯೋಚನೆ ಬೆಳೆಯಿತು. 1980ರ ದಶಕದ ಆರಂಭದಲ್ಲಿ ನೌಕಾದಳದ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ನರು ಕಾರವಾರವನ್ನು ಬಯಸಿದರು. ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ನಡುಗಡ್ಡೆಗಳ ಕಾವಲು, ಆಳವಾದ ನೀರು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಶಿಲಾನ್ಯಾಸ ಮಾಡಿದರು. ಯೋಜನೆಗೆ 'ಸೀಬರ್ಡ್' ಎಂದು ಹೆಸರು. ಹಣದ ಮುಗ್ಗಟ್ಟಿನಿಂದ ಈ ಕಡಲಹಕ್ಕಿ ಬಹುಕಾಲ ರೆಕ್ಕೆ ಮುದುರಿ ಕುಳಿತಿತ್ತು. 2005ರ ಮೇ 31ರಂದು ರಕ್ಷಣಾ ಸಚಿವರಾಗಿದ್ದ ಪ್ರಣಬ್ ಮುಖರ್ಜಿಯವರಿಂದ ನೆಲೆ ಸೇವೆಗೆ ಅರ್ಪಿತವಾಯಿತು.

ಅಲೆಗಳನ್ನು ತಡೆಯಲು ಬಂಡೆಗಳನ್ನು ಒಟ್ಟಿ ಕಟ್ಟಿದ ಗೋಡೆ ಅಂಜದೀವ ನಡುಗಡ್ಡೆಯನ್ನು ದಡಕ್ಕೆ ಸೇರಿಸಿದೆ. ವಾಸ್ಕೋ ಡ ಗಾಮನು 1498ರಲ್ಲಿ ತಂಗಿದ್ದ ದ್ವೀಪವಿದು. 1961ರ ಡಿಸೆಂಬರಿನಲ್ಲಿ ಪೋರ್ತುಗೀಜರಿಂದ ಇದನ್ನು ಬಿಡಿಸಿಕೊಳ್ಳುವಾಗ ನಮ್ಮ ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಇಲ್ಲಿಯ ಇನ್ನೊಂದು ವಿಶೇಷ ಹಡಗನ್ನೆತ್ತುವ ಯಂತ್ರ. ಗಾಡಿಯ ಗಾಲಿಗೆ ಕೀಲೆಣ್ಣೆ ಹಾಕಲು ಅಚ್ಚಿನ ಕೆಳಗೆ ಮರ ಕೊಟ್ಟು ಎತ್ತುವುದನ್ನು ನೀವು ಕಂಡಿರಬಹುದು. ಹಾಗೆಯೇ 10,000 ಟನ್ ತೂಕದವರೆಗಿನ ಹಡಗನ್ನು ವೇದಿಕೆಯ ಸಮೇತ ನೀರಿನಿಂದ ಮೇಲೆತ್ತಿ, ಹಳಿಗಳ ಮೇಲೆ ಜರುಗಿಸಿ, ಒಣ ನೆಲದಲ್ಲಿ ದುರಸ್ತಿಗೆ ನಿಲ್ಲಿಸುತ್ತಾರೆ. ವೇದಿಕೆ ಬರಿದಾಗುವುದರಿಂದ ಮತ್ತೊಂದನ್ನು ಎತ್ತಬಹುದು. ವಿಮಾನವಾಹಕ ವಿಕ್ರಮಾದಿತ್ಯಕ್ಕೆ ಮಾತ್ರ ಈ ತೊಟ್ಟಿಲು ಸಾಲದು. 2014ರ ಜನವರಿಯಲ್ಲಿ ರಷ್ಯದಿಂದ ಇಲ್ಲಿಗೇ ಬಂದು ಲಂಗರು ಹಾಕಿದ ಆ ಹಡಗಿನ ತೂಕ 44,500 ಟನ್. ಉದ್ದ 284 ಮೀಟರ್.

ಅದರಲ್ಲಿರುವವರು ಸುಮಾರು 1,600 ಜನ. ತಿಂಗಳಿಗೆ ಅವರಿಗೆ ಬೇಕಾಗುವುದು 16 ಟನ್ ಅಕ್ಕಿ, 20,000 ಲೀಟರ್ ಹಾಲು, ಲಕ್ಷಕ್ಕೆ ಸಮೀಪ ಮೊಟ್ಟೆ. ಈ ಅಂಕಿಗಳನ್ನು ಕೇಳಿ ಭಾವನವರು ಲೆಕ್ಕ ಹಾಕತೊಡಗಿದರು. "ಹದಿನಾರು ಟನ್ ಅಂದ್ರ ನೂರಾ ಅರವತ್ತು ಕ್ವಿಂಟಲ್. ನಮ್ಮ ಹಾನಗಲ್ ಸೀಮಿ ಅಕ್ಕಿ ಒಯ್ದ ಕೊಟ್ರ?" ಎಂದು ಅವರ ಕಣ್ಣು ಅರಳಿತು. ಮಗ ನಕ್ಕ. ಸೇನೆಯ ಖರೀದಿ ಟೆಂಡರಿನ ಮೂಲಕ. ಚೀಲ ಹೊತ್ತು ಬಾಗಿಲಿಗೆ ಬಂದ ರೈತನಿಗೆ ಅಲ್ಲಿ ಪ್ರವೇಶವಿಲ್ಲ.

ಆದರೆ ಬೇರೊಂದು ಬಾಗಿಲಿದೆ. ಅದನ್ನು ನಾವು ಕಂಡದ್ದು ಕಾರವಾರದ ಭಾನುವಾರದ ಸಂತೆಯಲ್ಲಿ. ಬದನೆ, ಮೆಣಸಿನಕಾಯಿ, ಸೌತೆ, ಸೊಪ್ಪುಗಳ ರಾಶಿಗಳ ಹಿಂದೆ ಕುಳಿತವರಲ್ಲಿ ಅನೇಕರ ಮಾತು ನಮ್ಮದೇ. ಶಿಗ್ಗಾವಿಯ ಕಡೆಯ ಒಬ್ಬ ತಾಯಿ ಶನಿವಾರ ರಾತ್ರಿ ಲಾರಿಯೇರಿ ಬಂದವಳು. ಮಾರಾಟ ಹೇಗೆಂದು ಕೇಳಿದೆ. "ಹಡಗಿನ ಮಂದಿ ಯಾರು, ಊರ ಮಂದಿ ಯಾರು, ನನಗೇನ್ ತಿಳೀತೈತ್ರಿ ಸಾಹೇಬ್ರ? ಹಿಂದಿ ಮಾತಾಡೋ ಹೆಣ್ಮಕ್ಕಳು ಬರ್ತಾರ, ಚೌಕಾಶಿ ಭಾಳ ಮಾಡ್ತಾರ, ಆದ್ರ ಬುಟ್ಟಿ ಲಗೂನ ಖಾಲಿ ಆಕ್ಕೈತಿ" ಎಂದಳು. ನೆಲೆಯ ಆದಾಯ ನಮ್ಮ ನಾಲ್ಕು ತಾಲೂಕುಗಳಿಗೆ ಬರುವ ದಾರಿ ಇದು: ಬುಟ್ಟಿಯ ದಾರಿ, ಕೂಲಿಯ ದಾರಿ. ಎರಡನೆಯ ಹಂತದ ಕಾಮಗಾರಿಯಿಂದ ನೇರವಾಗಿ 7,000, ಪರೋಕ್ಷವಾಗಿ 20,000 ಉದ್ಯೋಗಗಳಾಗಿವೆಯೆಂದು 2024ರಲ್ಲಿ ಸರಕಾರ ತಿಳಿಸಿತ್ತು. ಈ ಹಂತ ಮುಗಿದಾಗ 32 ಹಡಗು ಮತ್ತು ಜಲಾಂತರ್ಗಾಮಿಗಳಿಗೆ ಇಲ್ಲಿ ಸ್ಥಳವಿರುತ್ತದೆ.

ಇನ್ನೊಂದು ಲೆಕ್ಕವನ್ನು ಹೇಳದಿದ್ದರೆ ತಪ್ಪಾದೀತು. ನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಹನ್ನೊಂದು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ತೆಗೆದುಕೊಂಡರು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. 'ಸೀಬರ್ಡ್ ನಿರಾಶ್ರಿತರು' ಎಂಬುದು ಇಲ್ಲಿ ಒಂದು ಜಾತಿಯ ಹೆಸರಿನಂತೆಯೇ ರೂಢಿಯಾಗಿದೆ. ಪರಿಹಾರ ಸಾಲದೆಂದು ವರ್ಷಗಟ್ಟಲೆ ಕೋರ್ಟುಗಳನ್ನು ಅಲೆದವರಿದ್ದಾರೆ. ಚಹದಂಗಡಿಯಲ್ಲಿ ನಮ್ಮ ಪಕ್ಕ ಕುಳಿತಿದ್ದ ಮೀನುಗಾರ ವೃದ್ಧರೊಬ್ಬರು, ತಮ್ಮ ಹಳೆಯ ಮನೆಯ ಅಂಗಳದಿಂದ ದೋಣಿಗೆ ಇಪ್ಪತ್ತು ಹೆಜ್ಜೆ ಇತ್ತು ಎಂದರು. ಪುನರ್ವಸತಿಯ ನಿವೇಶನದಿಂದ ಕಡಲಿಗೆ ಹೋಗಲು ಈಗ ರಿಕ್ಷಾ ಬೇಕು. ನಾವು ಗೋಡೆಯ ಫಲಕಗಳನ್ನು ಮೆಚ್ಚಿ ನೋಡುತ್ತಿದ್ದುದನ್ನು ಅವರು ಕಂಡಿದ್ದರೋ ಏನೋ. ದೇಶಕ್ಕೆ ಬೇಕಾಗಿತ್ತು, ಕೊಟ್ಟೆವು ಎಂದು ಅವರೇ ಮೆಲ್ಲಗೆ ಸೇರಿಸಿದರು. ಅಂಕೋಲೆಯ ಅಲಗೇರಿಯ ಬಳಿ ವಿಮಾನನಿಲ್ದಾಣಕ್ಕೂ ಭೂಮಿ ಗೊತ್ತಾಗಿದೆ. ಅಲ್ಲಿಯ ಅಂಗಳಗಳಲ್ಲಿ ಯಾವ ಮಾತು ನಡೆಯುತ್ತಿರಬಹುದೆಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ರವೀಂದ್ರನಾಥ ಠಾಕೂರ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಕ್ಷಿಪಣಿ ನೌಕೆ ಚಪಲವನ್ನು ಹತ್ತಿ ನೋಡಿದೆವು. ಹೊರಗಿನಿಂದ ಕಂಡ ನೌಕಾದಳವನ್ನು ಒಳಗಿನಿಂದ ಕಂಡೆವೆಂಬ ಸಮಾಧಾನಕ್ಕೆ ಅಷ್ಟು ಸಾಕಾಯಿತು. ಬಸ್ ನಿಲ್ದಾಣದಲ್ಲಿ 'ಕದಂಬ' ಎಂದು ದೊಡ್ಡದಾಗಿ ಬರೆದ ವಾಹನವೊಂದು ಬಂದು ನಿಂತಾಗ ಭಾವನವರು ಗೌರವದಿಂದ ಬದಿಗೆ ಸರಿದರು. ಅದು ಗೋವೆಯ ಸಾರಿಗೆ ಬಸ್ಸು!

ಮಗ ಬುತ್ತಿಯ ಚೀಲವನ್ನು ಬರಿದು ಮಾಡಿ, ಅದರಲ್ಲಿ ಅಮ್ಮನಿಗೆಂದು ಎರಡು ತೆಂಗಿನಕಾಯಿ ಹಾಕಿಕೊಟ್ಟ. ಜೆಟ್ಟಿಯ ಕೆಲಸ ಮುಗಿದ ಮೇಲೆ ಏನು ಮಾಡುತ್ತೀಯೆಂದು ತಂದೆ ಕೇಳಿದರು. ಹಡಗು ದುರಸ್ತಿಯ ಅಂಗಳದಲ್ಲಿ ವೆಲ್ಡರುಗಳು ಬೇಕಾಗುತ್ತಾರೆ, ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ ಎಂದ. "ಆಗಲಿಲ್ಲಂದ್ರ?" ಎಂದರು ಭಾವನವರು. "ಆಗಲಿಲ್ಲಂದ್ರ ಹೊಲ ಐತೆಲ್ಲಪ್ಪಾ" ಎಂದು ಅವನು ನಗುತ್ತಲೇ ಹೇಳಿದ; ತಂದೆ ನಗಲಿಲ್ಲ. ಬಸ್ಸು ಹೊರಟಿತು. ಬಿಣಗೆಯ ಸುರಂಗ ದಾಟಿ ಅರಗೆಯ ಗೋಡೆ ಮತ್ತೆ ಕಂಡಾಗ, ಭಾವನವರು ಕಿಟಕಿಯ ಕಡೆ ಬಾಗಿ, ಕತ್ತಲೆಯಲ್ಲಿ ಆಚೆ ಹೊಳೆಯುತ್ತಿದ್ದ ದೀಪಗಳನ್ನು ಅಂಕೋಲೆ ಬರುವವರೆಗೂ ಒಂದೊಂದಾಗಿ ನೋಡುತ್ತಿದ್ದರು.