ಹಳೆಯ ಮನೆಯ ಖಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಕೆಡವಿ ನೋಡು ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಪ್ರಾಯಶಃ ಅವರ ಕಾಲದಲ್ಲಿ ಕೆಡವಿದ ಮನೆ ಎಲ್ಲಿಗೂ ಹೋಗುತ್ತಿರಲಿಲ್ಲ. ಮಣ್ಣು ಹಿತ್ತಲಿಗೆ, ಕೆಟ್ಟ ಜಂತಿ ಒಲೆಗೆ, ಒಳ್ಳೆಯ ತೊಲೆ ತಮ್ಮನ ಮನೆಗೆ, ಕಲ್ಲು ಹೊಸ ಮನೆಯ ಬುನಾದಿಗೆ ಸಲ್ಲುತ್ತಿತ್ತು. ಒಂದು ಮನೆಯ ಮೂಳೆ ಇನ್ನೊಂದರಲ್ಲಿ ಸೇರಿಹೋಗುತ್ತಿದ್ದುದರಿಂದ, ಕೆಡವುವುದೂ ಕಟ್ಟುವುದರ ಒಂದು ಭಾಗವೇ ಆಗಿತ್ತು.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಈಗ ಹಾಗಲ್ಲ. ಗಂಗೂಬಾಯಿ ಹಾನಗಲ್ಲರ ‘ಗಂಗಾಲಹರಿ’ಯೂ ಸವಾಯಿ ಗಂಧರ್ವರ ಹೆಸರಿನ ಸಭಾಗೃಹವೂ ಇರುವ ಈ ಬಡಾವಣೆಯಲ್ಲಿ, ಮುಂದೆ ಜಗುಲಿ, ಹಿಂದೆ ಬಾವಿ, ನಡುವೆ ಶಹಾಬಾದ ಫರಸಿಯ ಪಡಸಾಲೆ ಇದ್ದ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಸ್ಥಾನದಲ್ಲಿ ಕಂಬಗಳ ಮೇಲೆ ನಿಂತ ಅಂತಸ್ತುಗಳು ಏಳುತ್ತಿವೆ. ಉರುಳಿದ ಮನೆ ಎರಡು ದಿನ ರಸ್ತೆಯ ಬದಿಯಲ್ಲಿ ರಾಶಿಯಾಗಿ ಬಿದ್ದಿರುತ್ತದೆ. ಮೂರನೆಯ ರಾತ್ರಿ ಟ್ರ್ಯಾಕ್ಟರೊಂದು ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ಕೇಳುವ ಪದ್ಧತಿಯಿಲ್ಲ. ಊರ ಹೊರಗಿನ ಹಳ್ಳದ ದಂಡೆಗಳನ್ನು ನೋಡಿದವರು ಕೇಳಬೇಕಾಗಿಯೂ ಇಲ್ಲ.

ಅಂಥ ಒಂದು ರಾಶಿಯ ಮುಂದೆ ಒಂದು ಮುಂಜಾನೆ ಮನೆಯ ಯಜಮಾನರು ಬೆತ್ತದ ಕುರ್ಚಿಯನ್ನು ಹಾಕಿಕೊಂಡು ಕುಳಿತರು. ಗಣಿತದ ಶಿಕ್ಷಕರಾಗಿ ನಿವೃತ್ತರಾದ ಅವರನ್ನು ಓಣಿಯವರೆಲ್ಲ ಮಾಸ್ತರರೆಂದೇ ಕರೆಯುವುದು. ಮನೆಯನ್ನು ಅವರ ತಂದೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದರು. ಸಂಸಾರ ಬೆಳೆದ ಮೇಲೆ ಮಾಸ್ತರರೇ ಹಿಂದಿನ ಎರಡು ಕೋಣೆಗಳನ್ನು ಸೇರಿಸಿ ಕಾಂಕ್ರೀಟಿನ ಛತ್ತು ಹಾಕಿಸಿದ್ದರು. ಈಗ ಎರಡೂ ಒಂದೇ ರಾಶಿ. ಟ್ರ್ಯಾಕ್ಟರಿನವನು ಬಂದಾಗ ಮಾಸ್ತರರು ಏಳಲಿಲ್ಲ. “ಇದು ಎಲ್ಲಿಗೂ ಹೋಗೂದಿಲ್ಲ. ಹೊಸ ಮನಿಗೆ ಇದನ್ನ ಹಾಕೂದು” ಎಂದರು.

ಮನೆಯಲ್ಲಿ ಇದು ಸಣ್ಣ ಮಾತಾಗಲಿಲ್ಲ. ಮಗನು, ಕಂತ್ರಾಟುದಾರ ನಗುತ್ತಾನೆ ಎಂದನು. ಅವರ ಹೆಂಡತಿ ನಗಲಿಲ್ಲ, ಹೆದರಿದರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಗಲಿನಲ್ಲೇ ಕುಸಿದು ಹಲವರ ಪ್ರಾಣ ಹೋದುದನ್ನು ಅವಳಿ ನಗರದ ಯಾವ ಗೃಹಿಣಿಯೂ ಮರೆತಿಲ್ಲ. ಹೊಸ ಸಾಮಾನಿನ ಮನೆಯೇ ನಂಬಿಕೆಗೆ ಎರವಾಗಬಹುದಾದ ಕಾಲದಲ್ಲಿ, ಒಮ್ಮೆ ಬಿದ್ದ ಮನೆಯ ಚೂರುಗಳಿಂದ ಮತ್ತೆ ಮನೆಯೇ ಎಂಬ ಅವರ ಪ್ರಶ್ನೆಗೆ ಯಾರೂ ತಟ್ಟನೆ ಉತ್ತರ ಕೊಡುವಂತಿರಲಿಲ್ಲ. ಉತ್ತರ ಹುಡುಕುವ ಭಾರ ಕೊನೆಗೆ ಬಿದ್ದುದು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳ ಮೇಲೆ.

ಹಳೆಯ ಚೂರನ್ನು ಹೊಸ ಕಟ್ಟಡಕ್ಕೆ ಹಾಕುವ ಯೋಚನೆ ಮಾಸ್ತರರ ವೃದ್ಧಾಪ್ಯದ ಹಟವೆಂದು ತಿಳಿಯಬೇಕಾಗಿಲ್ಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡುವ ಸುರ್ಕಿ ಗಾರೆ ಈ ನಾಡಿಗೆ ಹೊಸದಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದು ಅದೇ. ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನಿಯ ನಗರಗಳಲ್ಲಿ ಉಳಿದ ಏಕೈಕ ಸಂಪತ್ತು ಬಿದ್ದ ಮನೆಗಳ ಇಟ್ಟಿಗೆ. ಹೆಂಗಸರು ಸಾಲುಗಟ್ಟಿ ನಿಂತು, ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಸುತ್ತಿಗೆಯಿಂದ ಗಾರೆಯನ್ನು ಕೆತ್ತಿ ತೆಗೆದು ಆ ರಾಶಿಗಳನ್ನು ಕರಗಿಸಿದರು. ಇಟ್ಟಿಗೆ ಚೂರಿನ ಕಾಂಕ್ರೀಟಿಗೆಂದೇ ಆ ದೇಶದಲ್ಲಿ 1951ರಲ್ಲಿ ಒಂದು ಮಾನಕವೂ ಹೊರಟಿತು. ಭಾರತದಲ್ಲಿ ಕಟ್ಟಡಗಳ ಅವಶೇಷವನ್ನು ಪುನಃ ಸಾಮಾನಾಗಿಸುವ ಮೊದಲ ದೊಡ್ಡ ಘಟಕ ದೆಹಲಿಯ ಬುರಾಡಿಯಲ್ಲಿ ನಡೆಯತೊಡಗಿದ್ದು 2009ರಲ್ಲಿ. ಕೆಡವಿದ ಸಾಮಾನನ್ನು ರಸ್ತೆಯಲ್ಲಿ, ಚರಂಡಿಯಲ್ಲಿ ಸುರಿಯಬಾರದೆಂಬ ಕೇಂದ್ರದ ನಿಯಮಗಳು ಬಂದುದು 2016ರಲ್ಲಿ. ನಿಯಮಕ್ಕೂ ರಾತ್ರಿಯ ಟ್ರ್ಯಾಕ್ಟರಿಗೂ ಇನ್ನೂ ಸರಿಯಾದ ಪರಿಚಯವಾಗಿಲ್ಲವೆಂಬುದು ಬೇರೆ ಮಾತು.

ಮೊಮ್ಮಗಳು ಮೊದಲು ತೆರೆದುದು ಭಾರತೀಯ ಮಾನಕ ಬ್ಯೂರೋದ ಪುಸ್ತಕವನ್ನು. ಐ.ಎಸ್. 383 ಎಂಬ ಖಡಿ-ಉಸುಕಿನ ಮಾನಕ 1970ರ ಆವೃತ್ತಿಯಲ್ಲಿ ನಿಸರ್ಗದಿಂದ ದೊರೆತುದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2016ರ ಪರಿಷ್ಕರಣದಲ್ಲಿ ಹಳೆಯ ಚೂರಿಗೂ ಮಣೆ ಹಾಕಲಾಯಿತು. ಆದರೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲ. ಶುದ್ಧ ಕಾಂಕ್ರೀಟನ್ನೇ ಒಡೆದು ಮಾಡಿದ ಖಡಿಯಾದರೆ, ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ದಪ್ಪ ಖಡಿಯ ನೂರಕ್ಕೆ 25 ಪಾಲಿನವರೆಗೆ ಬಳಸಬಹುದು. ಕಬ್ಬಿಣವುಳ್ಳದ್ದರಲ್ಲಿ, ಅದೂ ಎಂ-25ರ ದರ್ಜೆಯವರೆಗೆ ಮಾತ್ರ, ನೂರಕ್ಕೆ 20. ಎಂ-15ಕ್ಕಿಂತ ಕೆಳಗಿನ ಬಡ ಕಾಂಕ್ರೀಟಿನಲ್ಲಿ ಪೂರ್ತಿ ನೂರು. ಇಟ್ಟಿಗೆ, ಹಂಚು, ಗಾರೆ ಎಲ್ಲ ಕಲೆತ ಚೂರಾದರೋ, ಅದಕ್ಕೆ ಬಡ ಕಾಂಕ್ರೀಟೊಂದೇ ಗತಿ. ಕಬ್ಬಿಣದ ಬಳಿಗೆ ಅದು ಸುಳಿಯಕೂಡದು.

ಈ ಮಾತನ್ನು ಅಜ್ಜನಿಗೆ ಹೇಳುವುದು ಸುಲಭವಾಗಿರಲಿಲ್ಲ. ಮಾಸ್ತರರ ಮನಸ್ಸಿನಲ್ಲಿದ್ದುದು ತಂದೆಯ ಇಟ್ಟಿಗೆ. ಅದು ಹೊಸ ಮನೆಯ ಕಂಬಗಳಲ್ಲಿ ನಿಂತು ಭಾರ ಹೊರಬೇಕೆಂದು ಅವರ ಆಸೆ. ಪುಸ್ತಕವು ಒಪ್ಪುವುದು ಹಿಂದಿನ ಛತ್ತಿನ ಕಾಂಕ್ರೀಟನ್ನು. “ಅಪ್ಪನ ಮನಿ ಹೊರಗ, ನನ್ನ ಕೋಲಿ ಒಳಗ ಏನವಾ?” ಎಂದು ಅವರು ಕೇಳಿದರು. ಹುಡುಗಿ ಉತ್ತರಿಸಲಿಲ್ಲ. ಮರುದಿನ ಎರಡು ರಾಶಿ ಮಾಡಿಸಿದಳು. ಛತ್ತಿನ ತುಂಡುಗಳು ಒಂದು ಕಡೆ, ಗೋಡೆಯದು ಇನ್ನೊಂದು ಕಡೆ. ಮರದ ಚಕ್ಕೆ, ಗಾಜು, ವಾಯರಿನ ತೊಗಟೆ ಎಲ್ಲ ಬೇರೆ. ಎಂದೋ ಅಲಂಕಾರಕ್ಕೆ ಹಾಕಿಸಿದ್ದ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಹೂಬಳ್ಳಿಯನ್ನಂತೂ ಅವಳು ಒಂದು ಚೂರೂ ಬಿಡದೆ ಆರಿಸಿ ತೆಗೆಸಿದಳು. ಜಿಪ್ಸಮ್ಮಿನ ಗಂಧಕದ ಲವಣ ಸಿಮೆಂಟಿನೊಡನೆ ಸೇರಿ, ಗಟ್ಟಿಯಾದ ಮೇಲೆಯೂ ಒಳಗೊಳಗೇ ಉಬ್ಬಿ ಕಾಂಕ್ರೀಟನ್ನು ಸೀಳಬಲ್ಲುದು. ಇಬ್ಬರು ಆಳುಗಳು ಸುತ್ತಿಗೆ ಹಿಡಿದು ಕುಳಿತರು. ಹಿಂದೆ ರಸ್ತೆಯ ಬದಿಯಲ್ಲಿ ಹೆಂಗಸರು ಖಡಿ ಒಡೆಯುತ್ತಿದ್ದ ಸದ್ದು ದೇಶಪಾಂಡೆ ನಗರದ ಹಳಬರಿಗೆ ನೆನಪಾಯಿತು.

ಒಡೆದ ಖಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಗುಣದೋಷ ಅರ್ಧ ತಿಳಿಯುತ್ತದೆ. ಹೊಸ ಖಡಿ ನುಣುಪಾಗಿ, ತಣ್ಣಗೆ, ತೂಕವಾಗಿರುತ್ತದೆ. ಹಳೆಯದರ ಮೈಗೆ ಹಿಂದಿನ ಜನ್ಮದ ಗಾರೆ ಅಂಟಿಕೊಂಡಿರುತ್ತದೆ. ಆ ಗಾರೆ ಸಣ್ಣ ರಂಧ್ರಗಳ ಗೂಡು. ಒಳ್ಳೆಯ ಗಟ್ಟಿ ಕಲ್ಲು ತನ್ನ ತೂಕದ ನೂರಕ್ಕೆ ಅರ್ಧದಿಂದ ಒಂದು ಪಾಲು ನೀರನ್ನು ಹೀರಿದರೆ, ಇದು ಮೂರರಿಂದ ಎಂಟು-ಹತ್ತರವರೆಗೂ ಹೀರುತ್ತದೆ. ಹಳೆಯ ಖಡಿಯ ದೊಡ್ಡ ದೋಷವೇ ಈ ಬಾಯಾರಿಕೆ. ಮಿಕ್ಕ ತೊಂದರೆಗಳಲ್ಲಿ ಹೆಚ್ಚಿನವು ಇದರ ಮಕ್ಕಳೆಂದರೆ ತಪ್ಪಾಗಲಾರದು.

ನೀರಿನಲ್ಲಿ ಅಂಥ ಮಹತ್ವವೇನು? ಶಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟಿನಲ್ಲಿ ಡಫ್ ಅಬ್ರಾಮ್ಸ್ ಎಂಬ ಸಂಶೋಧಕನು ಅಸಂಖ್ಯ ಪ್ರಯೋಗಗಳನ್ನು ಮಾಡಿ 1918ರಲ್ಲಿ ಪ್ರಕಟಿಸಿದ ತೀರ್ಮಾನ ಇಷ್ಟೇ: ಖಡಿ-ಉಸುಕು ಸರಿಯಾಗಿದ್ದರೆ, ಕಾಂಕ್ರೀಟಿನ ಬಲ ಸಿಮೆಂಟಿಗೆ ನೀರಿನ ಅನುಪಾತವನ್ನು ಅವಲಂಬಿಸಿದೆ, ನೀರು ಹೆಚ್ಚಿದಂತೆ ಬಲ ಕುಗ್ಗುತ್ತದೆ. ಸಿಮೆಂಟು ತನಗೆ ಬೇಕಾದಷ್ಟನ್ನು ಕುಡಿದು ಗಟ್ಟಿಯಾಗುತ್ತದೆ. ಮಿಕ್ಕ ನೀರು ಆರಿಹೋಗಿ, ತಾನಿದ್ದ ಜಾಗದಲ್ಲಿ ತೂತುಗಳನ್ನು ಬಿಟ್ಟುಹೋಗುತ್ತದೆ.

ಎಂ-20 ಎಂದರೆ ಹದಿನೈದು ಸೆಂಟಿಮೀಟರಿನ ಘನವೊಂದು 28 ದಿನ ನೀರುಂಡ ಮೇಲೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಭಾರವನ್ನು ತಾಳಬೇಕು. ಆದರೆ ಇಪ್ಪತ್ತಕ್ಕೇ ಗುರಿಯಿಟ್ಟರೆ ಅರ್ಧದಷ್ಟು ಘನಗಳು ನಪಾಸಾದಾವು. ಆದುದರಿಂದ ಮಿಶ್ರಣವನ್ನು 26.6ಕ್ಕೆ ಗುರಿಯಿಟ್ಟು ರಚಿಸಬೇಕು. ಈ ಭಾಗ ಮಾಸ್ತರರಿಗೆ ತುಂಬ ಹಿಡಿಸಿತು. ನಲವತ್ತು ವರ್ಷ ಮಕ್ಕಳಿಗೆ, ಮೂವತ್ತೈದಕ್ಕೆ ಓದಿದರೆ ಮೂವತ್ತೈದು ಬರುವುದಿಲ್ಲವೆಂದು ಅವರು ಹೇಳಿದುದೂ ಇದನ್ನೇ. ಅಂದಿನಿಂದ ಅವರು ಕನ್ನಡಕ ಹಾಕಿಕೊಂಡು ಮೊಮ್ಮಗಳ ಲೆಕ್ಕಕ್ಕೆ ಜೊತೆಯಾದರು. ಒಂದು ಘನ ಮೀಟರಿಗೆ 186 ಲೀಟರು ನೀರು, ಅನುಪಾತ 0.50, ಆದುದರಿಂದ 372 ಕಿಲೋ ಸಿಮೆಂಟು. ದಪ್ಪ ಖಡಿಯಲ್ಲಿ ಐದನೆಯ ಒಂದು ಪಾಲು ಛತ್ತಿನದು. ಅಂದರೆ ಸುಮಾರು 230 ಕಿಲೋ. ಅದು ನೂರಕ್ಕೆ ಐದರಂತೆ ಕುಡಿದರೆ ಹನ್ನೊಂದೂವರೆ ಲೀಟರು ಅದಕ್ಕೇ ಬೇಕು. ಒಂದು ಚೀಲ ಸಿಮೆಂಟಿನ ಮಿಶ್ರಣಕ್ಕೆ ಇಳಿಸಿದರೆ ಸುಮಾರು ಒಂದೂವರೆ ಲೀಟರು.

ಮೊದಲ ಪ್ರಯೋಗದಲ್ಲಿ ಈ ಒಂದೂವರೆ ಲೀಟರೇ ಎಲ್ಲರನ್ನೂ ಆಟವಾಡಿಸಿತು. ಒಣ ಖಡಿಯನ್ನೇ ಯಂತ್ರಕ್ಕೆ ಹಾಕಿದರು. ಮೊದಲು ಮಿಶ್ರಣ ಚೆನ್ನಾಗಿಯೇ ತಿರುಗಿತು. ಕಾಲು ಗಂಟೆಯೊಳಗೆ ಖಡಿ ತನ್ನ ಪಾಲಿನ ನೀರನ್ನು ಹೀರಿಕೊಂಡು ಮಾಲು ಬಿಗಿಯಾಯಿತು. ಹುಡುಗಿ ತೂಕದ ಚೀಟಿ ಬರೆಯುತ್ತಿದ್ದಳು. ಅನುಭವಸ್ಥ ಗೌಂಡಿ, “ಒಂದೀಟು ನೀರು ತೋರಸ್ರಿ, ಮೆತ್ತಗ ಆಗ್ತೈತಿ” ಎಂದವನೇ ಐದು ಲೀಟರಿನ ಡಬ್ಬಿಯನ್ನು ಬಗ್ಗಿಸಿಬಿಟ್ಟನು. ಕಲ್ಲಿಗೆ ಬೇಕಾದುದು ಒಂದೂವರೆ. ಮಿಕ್ಕ ಮೂರೂವರೆ ಸಿಮೆಂಟಿನ ಪಾಲಿಗೆ ಬಂದು, ಅನುಪಾತ 0.50ರಿಂದ 0.57ಕ್ಕೆ ಜಾರಿತು. ನೋಡುವುದಕ್ಕೇನೋ ಮಿಶ್ರಣ ಬೆಣ್ಣೆಯಂತಿತ್ತು. ಅಷ್ಟು ನೀರಿಗೆ ಬಲದ ಆರನೆಯ ಒಂದು ಪಾಲು ಹೋದರೂ ಆಶ್ಚರ್ಯವಿಲ್ಲ. 28ನೆಯ ದಿನ ಯಂತ್ರದ ಕೆಳಗಿಟ್ಟ ಘನಗಳು 26.6ನ್ನು ಮುಟ್ಟದೆಯೇ ಒಡೆದವು.

ಅಜ್ಜಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಗನೂ ಟ್ರ್ಯಾಕ್ಟರಿನವನ ನಂಬರನ್ನು ಹುಡುಕತೊಡಗಿದನು. ಮಾಸ್ತರರು ಮಾತ್ರ, ತಪ್ಪಿದ ಲೆಕ್ಕದ ಹಾಳೆಯನ್ನು ಮುಂದಿಟ್ಟುಕೊಂಡು, ಎಲ್ಲಿ ತಪ್ಪಿತೆಂದು ತಿಳಿದ ತಪ್ಪು ಅರ್ಧ ಉತ್ತರವೆಂದರು. ಇನ್ನೂ 28 ದಿನಗಳ ಅವಧಿಯನ್ನು ಅವರು ಮನೆಮಂದಿಯಿಂದ ಬೇಡಿ ಪಡೆದರು. ಮಳೆಗಾಲ ಹತ್ತಿರವಾಗುತ್ತಿದ್ದುದರಿಂದ ಅದು ಸಣ್ಣ ಭಿಕ್ಷೆಯಾಗಿರಲಿಲ್ಲ.

ಎರಡನೆಯ ಸಲ ಖಡಿಗೆ ಮೊದಲೇ ಊಟ ಬಡಿಸಿದರು. ಇಡೀ ರಾತ್ರಿ ಅದನ್ನು ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಗೋಣಿತಟ್ಟಿನ ಮೇಲೆ ಹರವಿ, ಒಳಗೆ ತುಂಬಿ ಹೊರಗೆ ಮಾತ್ರ ಒಣಗಿರುವ ಹದಕ್ಕೆ ತಂದರು. ಸಂಡಿಗೆ ಹಿಟ್ಟಿನ ಹದ ಬಲ್ಲ ಅಜ್ಜಿಗೆ ಈ ಹದವೂ ಬೇಗ ತಿಳಿಯಿತು. ಬೇಡವೆನ್ನುತ್ತಲೇ, ಇನ್ನೂ ಹೊಳೆಯುತ್ತಿದ್ದ ಖಡಿಗಳನ್ನು ಅವರೇ ಕಾಲಿನಿಂದ ಹೊರಳಿಸಿ ಹಾಕಿದರು. ನೀರಿನ ಡಬ್ಬಿಯ ಮೇಲೆ ಕೆಂಪು ಬಣ್ಣದ ಗೆರೆ ಬಿತ್ತು. ಗೌಂಡಿ ಮುನಿಸಿಕೊಂಡನಾದರೂ ಗೆರೆಯನ್ನು ದಾಟಲಿಲ್ಲ. ಈ ಸಲದ ಘನಗಳು ಗುರಿಯನ್ನು ದಾಟಿಯೇ ಒಡೆದವು.

ಇಲ್ಲಿಗೆ ಕಥೆ ಮುಗಿದು ಛತ್ತಿನ ಖಡಿ ಹೊಸ ಕಂಬಗಳೊಳಗೆ ಸೇರಿತೆಂದು ವಾಚಕರು ಊಹಿಸಿದ್ದರೆ, ಹುಡುಗಿ ಹಾಗೆ ಮಾಡಲಿಲ್ಲ. ಕಂಬಗಳಿಗೆ ಎಂ-25 ಗೊತ್ತಾಗಿತ್ತು. ಮಾನಕದ ಪ್ರಕಾರ ಅಲ್ಲಿಯೂ ಐದನೆಯ ಒಂದು ಪಾಲಿಗೆ ಅವಕಾಶವುಂಟು. ಆದರೆ ಕೈಯಲ್ಲಿ ಒಡೆದ ನಾಲ್ಕು ರಾಶಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ; ಒಂದರ ಬಾಯಾರಿಕೆ ಮತ್ತೊಂದಕ್ಕಿಲ್ಲ. ಆರು ಘನಗಳು ಪಾಸಾದುವೆಂದು ಮೂರು ಅಂತಸ್ತನ್ನು ಅವುಗಳ ಮೇಲೆ ನಿಲ್ಲಿಸುವುದು ತನಗೆ ಸಮ್ಮತವಲ್ಲವೆಂದು ಅವಳು ಅಜ್ಜನಿಗೆ ನೇರವಾಗಿ ಹೇಳಿದಳು. ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಲೆಕ್ಕ ಬಂದ್ರೂ ಸಾಕ್ಷಿ ಸಾಲದು ಅಂತಿ” ಎಂದು ಹಾಳೆಯನ್ನು ಮಡಿಚಿದರು.

ಛತ್ತಿನ ಖಡಿ ಅಂಗಳದ ಕಾಂಕ್ರೀಟಿಗೂ ವಾಹನ ನಿಲ್ಲಿಸುವ ನೆಲಕ್ಕೂ ನೂರಕ್ಕೆ 25ರಂತೆ ಹೋಯಿತು. ತಂದೆಯ ಇಟ್ಟಿಗೆ ಇಳಿದುದು ಇನ್ನೂ ಕೆಳಕ್ಕೆ. ಹುಬ್ಬಳ್ಳಿಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಮೇಲಿನ ಗೋಡೆಗಳನ್ನು ಗೆರೆ ಎಳೆದಂತೆ ಸೀಳುವುದು ಎಲ್ಲರೂ ಬಲ್ಲ ಸಂಗತಿ. ಆ ಮಣ್ಣನ್ನು ದಾಟಿ ಗಟ್ಟಿ ಗರಸು ಸಿಗುವವರೆಗೆ ಅಗೆದ ಗುಂಡಿಗಳ ತಳದಲ್ಲಿ, ಬುನಾದಿಯ ಕಬ್ಬಿಣ ಇಡುವ ಮೊದಲು ಸಮಮಾಡುವ ಬಡ ಕಾಂಕ್ರೀಟಿನ ಹಾಸು ಬೇಕು. ಆ ಹಾಸಿಗೆ ಪೂರ್ತಿ ನೂರಕ್ಕೆ ನೂರೂ ಹಳೆಯ ಮನೆಯ ಗೋಡೆಯೇ. ಹಾಕುವ ದಿನ ಮಾಸ್ತರರು ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು, ಕೆಂಪು ಗೆರೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಗೌಂಡಿ ಪ್ರತಿ ಸಲವೂ ಬಂದು ಅವರ ಕೈಯಿಂದಲೇ ಅದನ್ನು ತೆಗೆದುಕೊಂಡು ಹೋಗಬೇಕಾಯಿತು.

ಎರಡೂ ರಾಶಿಗಳೇನೂ ಪೂರ್ತಿ ಕರಗಲಿಲ್ಲ. ಪುಡಿ, ಮಣ್ಣು ಮತ್ತು ಕಲಬೆರಕೆಯ ಚೂರು ಅರ್ಧಕ್ಕರ್ಧ ಉಳಿದವು. ಮುಂದಿನ ವಾರ ಟ್ರ್ಯಾಕ್ಟರು ಬಂದಿತು, ಈ ಸಲ ಹಗಲಿನಲ್ಲಿ. ಎಲ್ಲಿಗೆ ಒಯ್ಯುತ್ತೀ ಎಂದು ಅಜ್ಜಿ ಬಾಗಿಲಿಗೆ ಬಂದು ಕೇಳಿದರು.