ಹಿಮದ ಹಾದಿ ಮತ್ತು ಅನರ್ಥದಂಡ

ಲಕ್ಷ್ಮೇಶ್ವರದ ಶಂಖ ಬಸದಿಗೆ ನಿತ್ಯವೂ ದರ್ಶನಕ್ಕೆ ಹೋಗುವ ವೃದ್ಧ ಶ್ರಾವಿಕೆಯೊಬ್ಬರು ಸೋಸದ ನೀರನ್ನು ಬಾಯಿಗಿಡುವವರಲ್ಲ. ಅವರ ಮೊಮ್ಮಗ ಗಡಿ ರಸ್ತೆಗಳ ಸಂಸ್ಥೆಯಲ್ಲಿ ಯಂತ್ರಚಾಲಕ. ಶ್ರೀನಗರ-ಲೇಹ್ ಮಾರ್ಗದ ಜೋಜಿಲಾ ಘಟ್ಟದಲ್ಲಿ ಹಿಮ ತೆಗೆಯುವುದು ಅವನ ಕೆಲಸ. ಅವನು ರಜೆಗೆ ಬಂದಾಗ ಅಜ್ಜಿ ಕೇಳಿದರು: “ಅಲ್ಲಪಾ, ನೀರಾಗ ಜೀವ ಅದಾವಂತ ನಾವು ಸೋಸಿ ಕುಡೀತೇವಿ. ನೀ ದಿನಾ ಗುಡ್ಡದಷ್ಟು ಹಿಮಾ ಕಡದು ಒಗೀತಿ. ಅದರಾಗ ಜೀವ ಇಲ್ಲೇನು?”

ಪ್ರಶ್ನೆ ಮುಗ್ಧವಾದರೂ ಶಾಸ್ತ್ರಸಮ್ಮತವಾದುದು. ನೀರನ್ನು ಸೋಸುವುದು ಅದರಲ್ಲಿ ಚಲಿಸುವ ತ್ರಸಜೀವಿಗಳ ರಕ್ಷಣೆಗಾಗಿ. ಹಿಮದ ವಿಚಾರ ಇನ್ನೂ ಸೂಕ್ಷ್ಮ. ಇಬ್ಬನಿ, ಆಲಿಕಲ್ಲುಗಳಂತೆ ಹಿಮವನ್ನೂ ಜೈನಾಗಮಗಳು ಅಪ್ಕಾಯದಲ್ಲಿ, ಅಂದರೆ ಜಲವನ್ನೇ ಶರೀರವಾಗುಳ್ಳ ಏಕೇಂದ್ರಿಯ ಜೀವಗಳಲ್ಲಿ, ಎಣಿಸಿವೆ. ಆದ್ದರಿಂದ ಆ ಕೆಲಸದಲ್ಲಿ ಹಿಂಸೆಯೇ ಇಲ್ಲವೆನ್ನುವಂತಿಲ್ಲ.

ಆದರೆ ಕೆಲಸ ನಿಂತರೆ ಆಗುವುದೇನು? ಜೋಜಿಲಾ ಸುಮಾರು 11,500 ಅಡಿ ಎತ್ತರದಲ್ಲಿದೆ. ಹಿಂದೆ ಅದು ಚಳಿಗಾಲದಲ್ಲಿ ಐದಾರು ತಿಂಗಳು ಮುಚ್ಚಿರುತ್ತಿತ್ತು. 2025ರಲ್ಲಿ ಕೇವಲ 32 ದಿನ ಮುಚ್ಚಿದ್ದು, ಏಪ್ರಿಲ್ 1ರಂದು ಮತ್ತೆ ತೆರೆಯಿತು. ಡೋಜರುಗಳೂ ಹಿಮ ಕತ್ತರಿಸಿ ದೂರಕ್ಕೆ ಎಸೆಯುವ ಯಂತ್ರಗಳೂ ಎರಡೂ ಬದಿಯಿಂದ ಹೊರಟು ದಾರಿ ಕೂಡಿಸುತ್ತವೆ. ಬಿಸಿಲೇರಿದಂತೆ ಹಿಮ ಸಡಿಲಗೊಂಡು ಕುಸಿಯುವ ಭಯ ಚಾಲಕರಿಗೆ ತಪ್ಪಿದ್ದಲ್ಲ. ಹಿಮದ ಕ್ರೌರ್ಯ ನಮ್ಮ ಸೀಮೆಗೂ ತಿಳಿಯದ್ದಲ್ಲ. ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಲುಕಿದರು. ಆರನೆಯ ದಿನ ಜೀವಂತವಾಗಿ ದೊರೆತರೂ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅವರನ್ನು ಹೊರತೆಗೆಯಲು ಹಿಮವನ್ನು ಅಗೆದ ಕೈಗಳನ್ನು ಯಾವ ಧರ್ಮವೂ ನಿಂದಿಸಲಾರದು.

ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತೊರೆಯಬೇಕು. ಆರಂಭ, ಉದ್ಯೋಗಗಳಲ್ಲಿ ಅನಿವಾರ್ಯವಾಗುವ ಹಿಂಸೆಯನ್ನು ಎಚ್ಚರದಿಂದ ಮಿತಗೊಳಿಸಬೇಕು. ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಆಚಾರ್ಯ ಸಮಂತಭದ್ರರು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ರೋಗಿಗೂ ಧಾನ್ಯಕ್ಕೂ ದಾರಿ ಬಿಡಿಸಲು ಸರಿಸಿದ ಹಿಮರಾಶಿ ದೊಡ್ಡದಾದರೂ ಅದಕ್ಕೊಂದು ಅರ್ಥವಿದೆ. ಅಲಕ್ಷ್ಯದಿಂದ ಚೆಲ್ಲಿದ ಒಂದು ಚೆಂಬು ನೀರಿಗೆ ಅದಿಲ್ಲ.

ಮೊಮ್ಮಗ ಇಷ್ಟೆಲ್ಲ ಹೇಳಲಿಲ್ಲ. “ಆಯಿ, ದಾರಿ ಮುಚ್ಚಿದರ ಆಚೀ ಕಡೆ ಊರಾಗ ಜಡ್ಡಾದವರು ಎಲ್ಲಿಗೆ ಹೋಗಬೇಕು?” ಎಂದಷ್ಟೇ ಅಂದ. ಅಜ್ಜಿ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹಿತ್ತಿಲಿಗೆ ಹೋದರು. ಅಲ್ಲಿ ಯಾರೋ ಬಿಟ್ಟುಹೋದ ನಳ ಸುರಿಯುತ್ತಿತ್ತು. ಅದನ್ನು ಬಿಗಿಯಾಗಿ ತಿರುವಿ, “ನಿಂದು ಇರಲಿ ಬಿಡಪಾ, ಇದಕ್ಕ ಯಾರ ಉತ್ತರಾ ಕೊಡಬೇಕು?” ಎಂದರು.

ಬಸದಿಗಳ ಅಂಗಳ ತೊಳೆಯುವಾಗ, ಉತ್ಸವಗಳ ಪಂಕ್ತಿಯಲ್ಲಿ ನೀರು ಬಡಿಸುವಾಗ, ಆ ಪ್ರಶ್ನೆ ನಮ್ಮ ಕಿವಿಯಲ್ಲಿಯೂ ಇರಬೇಡವೆ?